ರಂಗೋಲಿ ಕಾಯುವ ಕ್ಯಾಮೆರಾ

ಕುವೆಂಪುನಗರದ ಬಸ್ಸಿನಲ್ಲಿ ಯಾರು ಪಿಸುಗುಟ್ಟಿದರೂ ಚಾಮುಂಡಿಬೆಟ್ಟದ ಮೇಲೆ ಕೂತೇ ನನಗೆ ಕೇಳಿಸುತ್ತದೆ. ಅರ್ಧ ಸುಳ್ಳು ಅನ್ನಿ; ಆವತ್ತು ಒಬ್ಬ ಅತ್ತೆ, ಅವರ ಸೊಸೆ ನನ್ನ ಮುಂದಿನ ಸೀಟಿನಲ್ಲೇ ಕೂತಿದ್ದರು. ಮನೆಗೆ ಕ್ಯಾಮೆರಾ ತರಲು ಹೊರಟಿದ್ದರು.

"ಡಮ್ಮಿ ಕ್ಯಾಮೆರಾ ಸಾಕು ಅತ್ತೆ," ಅಂದಳು ಸೊಸೆ. "ನೋಡೋಕೆ ನಿಜದ ಥರಾನೇ ಇರುತ್ತೆ, ಕೆಂಪು ಲೈಟೂ ಉರಿಯುತ್ತೆ. ಕಳ್ಳ ಹೆದರ್ಕೊಂಡು ಓಡೋಗ್ತಾನೆ."

"ಕಳ್ಳ ಹೆದರ್ಕೊಂಡಾನು ಕಣಮ್ಮ. ಅದು ಸುಳ್ಳು ಅಂತ ನಂಗೊತ್ತಲ್ಲ, ನನ್ನ ಹೆದರಿಕೆ ಹೆಂಗೆ ಹೋಗುತ್ತೆ? ಆವತ್ತು ನಸುಕಲ್ಲಿ ನನ್ನ ಸರ ಕಿತ್ಕೊಂಡು ಹೋದಾಗಿಂದ ಗೇಟಿನ ಮುಂದೆ ಒಂದೆಳೆ ರಂಗೋಲಿ ಹಾಕಿಲ್ಲ ನಾನು."

"ನಿಜವಾದ್ದು ಅಂದ್ರೆ ನಾಲ್ಕು ಕ್ಯಾಮೆರಾದ ಸೆಟ್ಟು, ನಮ್ಮ ಕೈಗೆಟುಕಲ್ಲ ಅತ್ತೆ."

"ನಾಲ್ಕ್ಯಾಕೆ? ಉಪ್ಪಿನಕಾಯಿ ಜಾಡಿ ಕಾಯೋಕಾ? ಗೇಟಿಗೆ ಒಂದು ಹಾಕ್ಸು, ಅಲ್ಲಿಂದ ಟಿವಿಗೊಂದು ವೈರ್ ಎಳೆಸು."

"ಅವನು ಹೆಲ್ಮೆಟ್ ಹಾಕ್ಕೊಂಡು ಬೈಕಲ್ಲಿ ಬರ್ತಾನೆ. ಮುಖ ಎಲ್ಲಿ ಕಾಣುತ್ತೆ?"

"ಅವನ ಮುಖ ಕಟ್ಕೊಂಡು ನಂಗೇನು? ಬೈಕು ನಮ್ಮ ರಸ್ತೆಗೆ ತಿರುಗಿದ್ದು ಟಿವೀಲಿ ಕಂಡ ತಕ್ಷಣ ಒಳಗಿಂದ ಕೂಗಿದ್ರೆ ಸಾಕು, ಓಡಿಬತ್ತೀನಿ."

"ಯಾರು ಕೂಗೋದು? ಮಾವ ಬಿಸಿಲು ಬರೋವರೆಗೂ ಏಳಲ್ಲ."

"ನೀನು."

"ಅಷ್ಟೊತ್ತಿಗೆ ಏಳೋದಾದ್ರೆ ನಿಮ್ಮ ಪಕ್ಕದಲ್ಲೇ ನಿಂತ್ಕೋತೀನಿ. ಕ್ಯಾಮೆರಾನೇ ಬೇಡ."

"ಅವನಿಗೆ ಎರಡು ಸರ ಸಿಕ್ಕಲಿ ಅಂತಾನಾ? ಒಳಗೆ ಕೂತು ಕೂಗಮ್ಮ. ನಡಿ, ಸ್ಟಾಪ್ ಬಂತು. ನಿಜವಾದ್ದೇ ತಗೊಳ್ಳೋದು."

ಅತ್ತೆ ಸೆರಗು ಸಿಕ್ಕಿಸಿಕೊಂಡು ಅಗ್ರಹಾರದಲ್ಲಿ ಇಳಿದೇಬಿಟ್ಟರು. ಸೊಸೆ ಆಕಳಿಸುತ್ತಾ ಹಿಂದೆ ಹೋದಳು. ಆಯಮ್ಮ ಮತ್ತೆ ರಂಗೋಲಿ ಹಾಕುವುದಂತೂ ಖಂಡಿತ. ಒಳಗೆ ಟಿವಿ ಮುಂದೆ ಆ ಹುಡುಗಿ ಕಣ್ಣು ಬಿಟ್ಟುಕೊಂಡು ಕೂತಿರುತ್ತಾಳೋ, ಕೂತಲ್ಲೇ ಗೊರಕೆ ಹೊಡೆಯುತ್ತಿರುತ್ತಾಳೋ, ನೀವೇ ಹೇಳಿ.