ಕಾಟಯ್ಯನ ಆರರಲ್ಲೊಂದು ಪಾಲು

ಕಡ್ಲೆಕಾಯಿ ಸುಲಿಯೋ ಕೈ ಸುಲೀತಾನೇ ಇರ್ಲಿ, ಕಿವಿ ಮಾತ್ರ ಇತ್ತ ಕೊಡಿ. ಲೇ ಭರಮಕ್ಕ, ಸುಲಿದಿದ್ದನ್ನೆಲ್ಲ ಬಾಯಿಗೇ ಹಾಕ್ಕೊಂಡ್ರೆ ಮೊರ ಯಾವಾಗ್ಲೇ ತುಂಬೋದು? ನಾನು ಕಥೆ ಹೇಳ್ತೀನಿ, ನೀನು ಹೂಂ ಅಂತಿರು. ನಿನ್ನ ಬಾಯಿಗೂ ಒಂದು ಕೆಲಸ ಆಯ್ತು.

ಒಂದು ಊರಿತ್ತಂತೆ. ಹೆಸರು ಕೇಳಬೇಡಿ, ನಂಗೆ ಹೇಳ್ದೋರಿಗೂ ಗೊತ್ತಿರಲಿಲ್ಲ. ಯಾವ ಕಾಲ ಅಂತಲೂ ಕೇಳಬೇಡಿ, ನಮ್ಮಜ್ಜಿಗೆ ಅವರಜ್ಜಿ ಹೇಳಿದ್ದು. ಕಣ್ಣು ಹಾಯಿಸಿದಷ್ಟು ದೂರ ಬಯಲು. ಮರ ಇಲ್ಲ, ನೆರಳಿಲ್ಲ, ಹಕ್ಕಿ ಕೂರೋಕೆ ಒಂದು ಬೇಲಿ ಇಲ್ಲ. ಊರ ನೆತ್ತಿ ಮೇಲೆ ಬಂಡೆಗುಡ್ಡ, ಗುಡ್ಡದ ಸಂದೀಲಿ ಒಂದು ಒರತೆ, ಒರತೆ ಕೆಳಗೆ ಒಂದು ಕಲ್ಲುತೊಟ್ಟಿ. ದಿನಕ್ಕೆ ಇನ್ನೂರ ಹದಿನಾರು ಕೊಡ ನೀರು. ಒಂದು ಕೊಡ ಹೆಚ್ಚಿಲ್ಲ, ಒಂದು ಕೊಡ ಕಮ್ಮಿ ಇಲ್ಲ.

ಆ ನೀರಿಗೊಂದು ಕಟ್ಟಳೆ. ಅರ್ಧ ಮೇಲ್ಕೇರಿಗೆ. ಮೂರರಲ್ಲೊಂದು ಪಾಲು ಕೆಳಕೇರಿಗೆ. ಉಳಿದಿದ್ದು ದಾರಿಗೆ. ದಾರಿಗೆ ಅಂದ್ರೆ ಏನು? ಊರಿಂದ ಅರ್ಧ ಹರದಾರಿ ಆಚೆಗೆ, ಬಯಲ ನಡುವೆ ಒಂದು ಅರವಟ್ಟಿಗೆ ಇತ್ತು, ಹೋಗೋರು ಬರೋರು ನೀರು ಕುಡಿದು ಕೂರೋ ಚಪ್ಪರ. ದುರುಗಜ್ಜಿ ಅನ್ನೋ ಮುದುಕಿ ಅಲ್ಲಿ ಗುಡಾಣದ ಪಕ್ಕ ಕೂತು ಬಂದೋರಿಗೆಲ್ಲ ನೀರು ಹುಯ್ತಿದ್ಲು. ನೀನ್ಯಾರು ಅಂತ ಕೇಳ್ತಿರಲಿಲ್ಲ, ಯಾವೂರು ಅಂತ ಕೇಳ್ತಿರಲಿಲ್ಲ. ಕುಡಿ ಅಂತಿದ್ಲು, ಅಷ್ಟೇ.

ನೀರು ಅಳೆದು ಹಂಚೋನು ಕಾಟಯ್ಯ, ಊರ ನೀರುಗಂಟಿ. ಮಾತು ಕಮ್ಮಿ, ಲೆಕ್ಕ ಜಾಸ್ತಿ. ಅರ್ಧಕ್ಕೆ ಮೂರರಲ್ಲೊಂದು ಕೂಡಿಸಿದ್ರೆ ಎಷ್ಟು ಅಂದ್ರೆ ಊರೋರೆಲ್ಲ ತಲೆ ಕೆರ್ಕೊಳ್ಳೋರು. ಕಾಟಯ್ಯ ಹೇಳೋನು: "ಅರ್ಧದ ತುಂಡು ದೊಡ್ಡದು, ಮೂರರದ್ದು ಚಿಕ್ಕದು. ಎರಡನ್ನೂ ಒಂದೇ ಅಳತೆ ತುಂಡು ಮಾಡ್ದೆ ಹೆಂಗ್ರೋ ಕೂಡಿಸ್ತೀರಾ? ತೊಟ್ಟೀನ ಆರು ಪಾಲು ಮಾಡಿ. ಅರ್ಧ ಅಂದ್ರೆ ಅದರಲ್ಲಿ ಮೂರು. ಮೂರರಲ್ಲೊಂದು ಅಂದ್ರೆ ಎರಡು. ಒಟ್ಟು ಐದು ಹೋಯ್ತು. ಉಳಿದಿದ್ದು ಆರರಲ್ಲೊಂದು, ಅದು ದಾರೀದು." ಹಂಗೇ ದಿನಾ ಬೆಳಗ್ಗೆ ಅಳೆಯೋನು. ಮೇಲ್ಕೇರಿಗೆ ನೂರೆಂಟು ಕೊಡ, ಕೆಳಕೇರಿಗೆ ಎಪ್ಪತ್ತೆರಡು, ದಾರಿಗೆ ಮೂವತ್ತಾರು.

ಅಮಾವಾಸೆಗೊಂದ್ಸಲ ಊರು ಕೂಡೋದು. ಕಾಟಯ್ಯ ತೊಟ್ಟಿಕಲ್ಲಿನ ಮೇಲೆ ಕೈಯಿಟ್ಟು ಆಣೆ ಮಾಡ್ಬೇಕು: "ಅರ್ಧ ಕೊಟ್ಟಿದೀನಿ, ಮೂರರಲ್ಲೊಂದು ಕೊಟ್ಟಿದೀನಿ, ದಾರಿಗೆ ಆರರಲ್ಲೊಂದು ಬಿಟ್ಟಿದೀನಿ." ಸುಳ್ಳಾಡಿದ್ರೆ ಕೈ ಸೇದಿಹೋಗುತ್ತೆ ಅಂತ ನಂಬಿಕೆ. ಅವನ ಕೈ ಯಾವತ್ತೂ ಸೇದಿರಲಿಲ್ಲ.

ಕಾಟಯ್ಯನಿಗೆ ಹೆಂಡ್ತಿ ಇಲ್ಲ, ಹೆರಿಗೇಲೇ ಹೋಗಿದ್ಲು. ಒಬ್ಳೇ ಮಗಳು, ಬೊಮ್ಮಕ್ಕ. ಅವಳು ಐದಾರು ವರ್ಷದೋಳಾಗಿದ್ದಾಗ ಅಪ್ಪ ರೊಟ್ಟಿ ಮುರಿದು ಪಾಲು ಕಲಿಸ್ತಿದ್ದ. ಆರು ಚೂರು ಮಾಡೋದು. ಮೂರು ಚೂರು ಅಪ್ಪಂಗೆ, ಎರಡು ಮಗಳಿಗೆ, ಉಳಿದ ಒಂದು ಚೂರು ಮಾಳಿಗೆ ಮೇಲಿನ ಕಾಗೆಗೆ. ಒಂದಿನ ಈ ಹುಡುಗಿ ಕಾಗೆ ಚೂರನ್ನ ಎತ್ಕೊಂಡು ಅದನ್ನೂ ಆರು ಮಾಡಿದ್ಲು. ಒಂದು ಕಾಳಿನಷ್ಟು ಕಾಗೆಗೆ ಎಸೆದು ಮಿಕ್ಕಿದ್ದನ್ನ ಬಾಯಿಗೆ ಹಾಕ್ಕೊಂಡು ಕಿಲಕಿಲ ನಕ್ಕಳು.

"ಅಪ್ಪ, ಕಾಗೆಗೆ ಆರರಲ್ಲೊಂದು ಕೊಟ್ನಲ್ಲ!"

"ಯಾವುದರಲ್ಲೇ ಆರರಲ್ಲೊಂದು, ಕಳ್ಳಿ? ರೊಟ್ಟೀಲೋ, ಚೂರಲ್ಲೋ? ಮಾತು ಅದೇ ಆದ್ರೂ ಕಾಗೆ ಹೊಟ್ಟೆಗೆ ಮೋಸ ಆಯ್ತಲ್ಲ!" ಅಂತ ಅವಳ ಕಿವಿ ಹಿಂಡಿದ. ಈ ಮಾತು ನೆನಪಿಟ್ಕೊಳ್ಳಿ. ಹೇಳಿದೋನೇ ಮರೆತ.

ಬೊಮ್ಮಕ್ಕ ದೊಡ್ಡೋಳಾದ್ಲು. ಬಯಲಿನಾಚೆ, ಎರಡು ದಿನದ ದಾರಿ, ಕುರಿ ಸಾಕೋರ ಮನೆಗೆ ಕೊಟ್ಟ. ಹೊರಡುವಾಗ ಅಪ್ಪನ ಕೈ ಹಿಡ್ಕೊಂಡು ಅತ್ತಳು. "ಅಳಬ್ಯಾಡ ಕಣವ್ವ. ನೀನು ಯಾವಾಗ ಬಂದ್ರೂ ಅರವಟ್ಟಿಗೇಲಿ ನಿಮ್ಮಪ್ಪನ ನೀರಿರುತ್ತೆ. ಮೂವತ್ತಾರು ಕೊಡ. ಅಲ್ಲಿಗೆ ಬಂದ್ರೆ ತವರಿಗೆ ಬಂದಂಗೆ" ಅಂದ.

ಆಮೇಲೆ ಬಂತು ಮೊದಲನೇ ಬೇಸಿಗೆ. ಮೇಲ್ಕೇರಿ ಗೌಡನ ಕೊಟ್ಟಿಗೇಲಿ ಕರುಗಳು ಹೆಚ್ಚಾಗಿದ್ದವು. ಗೌಡ ಕೆಳಕೇರಿಯೋರನ್ನೂ ಕಟ್ಕೊಂಡು ತೊಟ್ಟಿ ಹತ್ರ ಬಂದ.

"ಕಾಟಯ್ಯ, ಯಾರೋ ದಾರೀಲಿ ಹೋಗೋರಿಗೆ ಮೂವತ್ತಾರು ಕೊಡ ಯಾಕೋ?"

"ಕಟ್ಟಳೆ, ಗೌಡ್ರೇ. ನಾನು ಮುರಿಯಲ್ಲ."

"ನಿಂಗೆ ಮುರಿ ಅಂದೋರ್ಯಾರು? ಆ ಮೂವತ್ತಾರನ್ನೂ ಅದೇ ಕಟ್ಟಳೆ ಪ್ರಕಾರ ಹಂಚು. ಅರ್ಧ ನಮಗೆ, ಮೂರರಲ್ಲೊಂದು ಇವರಿಗೆ, ಆರರಲ್ಲೊಂದು ದಾರಿಗೆ. ನಿನ್ನ ಆಣೆಗೇನಾದ್ರೂ ಮುಕ್ಕಾಗುತ್ತಾ, ನೀನೇ ಹೇಳು."

ಕಾಟಯ್ಯ ಹಿಂದೆ ಮುಂದೆ ಯೋಚನೆ ಮಾಡ್ದ. ಆಣೆಯಲ್ಲಿ ಯಾವ ಮಾತೂ ತಪ್ಪಿಹೋಗ್ತಿರಲಿಲ್ಲ. ಹೂಂ ಅಂದ. ಹದಿನೆಂಟು, ಹನ್ನೆರಡು ಹೋಯ್ತು. ದಾರಿಗೆ ಆರು ಕೊಡ.

ದುರುಗಜ್ಜಿ ಕೋಲೂರಿಕೊಂಡು ಬಂದ್ಲು. "ಕಾಟಯ್ಯ, ಆರೇ ಕೊಡ ಬಂದೈತಲ್ಲಪ್ಪ."

"ಆರರಲ್ಲೊಂದು ಬಂದೈತೆ ಅಜ್ಜಿ. ಲೆಕ್ಕ ಸರಿಯಾಗೈತೆ."

"ನಂಗೆ ಲೆಕ್ಕ ಬರಲ್ಲ. ಗುಡಾಣ ತುಂಬಿಲ್ಲ" ಅಂದು ವಾಪಸ್ ಹೋದ್ಲು.

ಎರಡನೇ ಬೇಸಿಗೆ ಬಂತು. ಗೌಡ ಮತ್ತೆ ಬಂದ. ಮಗನ ಮದುವೆ, ಮನೆ ತುಂಬ ನೆಂಟರು. "ಹೋದ ವರ್ಷದಂಗೇ ಕಾಟಯ್ಯ, ಕಟ್ಟಳೆ ಪ್ರಕಾರವೇ." ಆರು ಕೊಡದಲ್ಲಿ ಮೂರು ಮೇಲಕ್ಕೆ, ಎರಡು ಕೆಳಕ್ಕೆ. ದಾರಿಗೆ ಒಂದು ಕೊಡ.

ದುರುಗಜ್ಜಿ ಬಂದ್ಲು. "ಕಾಟಯ್ಯ, ಒಂದೇ ಕೊಡ ಬಂದೈತಲ್ಲಪ್ಪ."

"ಆರರಲ್ಲೊಂದು ಬಂದೈತೆ ಅಜ್ಜಿ. ಲೆಕ್ಕ ಸರಿಯಾಗೈತೆ."

"ನಂಗೆ ಲೆಕ್ಕ ಬರಲ್ಲ. ಜನ ಈ ದಾರಿ ಬಿಟ್ಟು ಬೇರೆ ದಾರಿ ಹಿಡೀತಿದಾರೆ" ಅಂದು ಹೋದ್ಲು.

ಮೂರನೇ ಬೇಸಿಗೆ. ಈ ಸಲ ಗೌಡನಿಗೆ ಕಾರಣ ಹೇಳೋ ಉಸಾಬರಿಯೂ ಇರಲಿಲ್ಲ. ಬಂದ, ಕೊಡದ ಕಡೆ ಕೈ ತೋರಿಸ್ದ. ಒಂದು ಕೊಡಕ್ಕೆ ಆರು ತಂಬಿಗೆ ನೀರು. ಮೂರು ತಂಬಿಗೆ ಮೇಲಕ್ಕೆ, ಎರಡು ತಂಬಿಗೆ ಕೆಳಕ್ಕೆ. ದಾರಿಗೆ ಎಷ್ಟು ಉಳೀತು? ಹೇಳ್ರವ್ವ, ಬಾಯಿಗೇನಾಗೈತೆ? ಒಂದು ತಂಬಿಗೆ. ದಿನಕ್ಕೆ ಒಂದು ತಂಬಿಗೆ!

ದುರುಗಜ್ಜಿ ಬಂದು ಆ ತಂಬಿಗೇನ ಕಾಟಯ್ಯನ ಮುಂದಿಟ್ಲು. ಕಾಟಯ್ಯ ಅವಳ ಮುಖ ನೋಡ್ಲಿಲ್ಲ. "ಆರರಲ್ಲೊಂದು ಅಜ್ಜಿ" ಅಂದ. ಅಮಾವಾಸೆಗೆ ಕಲ್ಲಿನ ಮೇಲೆ ಕೈಯಿಟ್ಟು ಅದನ್ನೇ ಆಣೆ ಮಾಡ್ದ. ಕೈಗೆ ಏನೂ ಆಗಲಿಲ್ಲ. ಆಗಬೇಕಿತ್ತು ಕಣ್ರೇ, ಆವತ್ತೇ ಸೇದಿಹೋಗಬೇಕಿತ್ತು.

ಈಗ ಬೊಮ್ಮಕ್ಕನ ಕಡೆ ಬನ್ನಿ. ಅವಳಿಗೊಂದು ಹೆಣ್ಣುಕೂಸು, ಎರಡು ವರ್ಷದ್ದು. ಗಂಡ ಮಂದೆ ಹೊಡ್ಕೊಂಡು ದೂರದ ಮೇವಿಗೆ ಹೋಗಿದ್ದ. ಅಪ್ಪ ತೊಟ್ಟಿ ಬಿಟ್ಟು ಒಂದಿನ ಅಲ್ಲಾಡೋ ಹಂಗಿಲ್ಲ, ಮೂರು ವರ್ಷದಿಂದ ಮಗಳ ಮುಖ ನೋಡಿಲ್ಲ, ಮೊಮ್ಮಗಳ ಮುಖ ಅಂತೂ ನೋಡೇ ಇಲ್ಲ. "ನಾನೇ ಹೋಗಿ ಬರ್ತೀನಿ ಅತ್ತೆ" ಅಂತ ಹೊರಟ್ಲು. ಅತ್ತೆ ಎರಡು ಸೋರೆಬುರುಡೆ ತುಂಬ ನೀರು ತಂದುಕೊಟ್ಲು.

"ಒಂದೇ ಸಾಕತ್ತೆ. ಕೂಸನ್ನ ಬೇರೆ ಹೊರಬೇಕು. ಅರವಟ್ಟಿಗೆ ತನಕ ಮುಟ್ಟಿದ್ರೆ ಅಲ್ಲಿಂದಾಚೆ ನಮ್ಮಪ್ಪನ ನೀರೈತೆ."

"ಬಿಸಿಲು ಕೆಂಡದಂಗೈತೆ ಕಣಮ್ಮ, ತಗೊಂಡು ಹೋಗು."

"ಮೂವತ್ತಾರು ಕೊಡ ಅತ್ತೆ! ದಿನಾ!" ಅಂತ ನಕ್ಕಳು. ಒಂದು ಬುರುಡೆ ಅಲ್ಲೇ ಬಿಟ್ಟು ಹೊರಟ್ಲು.

ಮೊದಲ ದಿನ ನಡೆದ್ಲು. ರಾತ್ರಿ ಒಂದು ಬಂಡೆ ಮಗ್ಗುಲಲ್ಲಿ ಮಲಗಿ ಬೆಳಗ್ಗೆ ಮತ್ತೆ ಹೊರಟ್ಲು. ಬುರುಡೆ ನೀರನ್ನ ಕೂಸಿಗೇ ಕುಡಿಸ್ತಾ ಬಂದ್ಲು. ತನಗೆ ಅಂತ ತುಟಿ ಒದ್ದೆ ಮಾಡ್ಕೊಂಡಿದ್ದು ಅಷ್ಟೇ, ಮುಂದೆ ಅಪ್ಪನ ನೀರೈತಲ್ಲ ಅಂತ. ನೆತ್ತಿ ಮೇಲೆ ಹೊತ್ತು ಬರೋ ಹೊತ್ತಿಗೆ ಬುರುಡೆ ಖಾಲಿ. ಕೂಸು ಅಳೋದನ್ನೂ ನಿಲ್ಲಿಸಿತ್ತು. ದೂರದಲ್ಲಿ ಚಪ್ಪರ ಕಾಣಿಸ್ತು. ಕಾಲೆಳ್ಕೊಂಡು ಬಂದು ಗುಡಾಣಕ್ಕೆ ಕೈ ಹಾಕಿದ್ರೆ ಒಣಗಿದ ಗುಡಾಣ.

ದುರುಗಜ್ಜಿ ತಂಬಿಗೆ ಮುಂದೆ ಹಿಡಿದ್ಲು. "ಇಷ್ಟೇ ಇರೋದು ಕಣವ್ವ. ಅರ್ಧ ನೀನು ಕುಡಿ, ಅರ್ಧ ಕೂಸಿಗೆ ಕುಡಿಸು."

"ಇಷ್ಟೇನಾ ಅಜ್ಜಿ? ನಮ್ಮಪ್ಪ ಆರರಲ್ಲೊಂದು ಬಿಡಲ್ವಾ?"

"ಬಿಡ್ತಾನೆ ತಾಯಿ. ಕಲ್ಲು ಮುಟ್ಟಿ ಆಣೆ ಮಾಡ್ತಾನೆ."

ಬೊಮ್ಮಕ್ಕ ತಂಬಿಗೇನ ನೋಡಿದ್ಲು. "ಯಾವುದರಲ್ಲಿ ಅಂತ ಯಾರೂ ಕೇಳಲಿಲ್ವಾ ಅಜ್ಜಿ?" ಅಂದ್ಲು. ಆಮೇಲೆ ಕೂಸನ್ನ ತೊಡೆ ಮೇಲೆ ಮಲಗಿಸ್ಕೊಂಡು ಗುಟುಕು ಗುಟುಕಾಗಿ ಕುಡಿಸಿದ್ಲು. ಪಾಲು ಮಾಡ್ಲಿಲ್ಲ. ಅರ್ಧ ಅನ್ನಲಿಲ್ಲ, ಮೂರರಲ್ಲೊಂದು ಅನ್ನಲಿಲ್ಲ. ಪೂರಾ ತಂಬಿಗೆ ಕೂಸಿಗೇ ಕುಡಿಸಿ ಚಪ್ಪರದ ಕಂಬಕ್ಕೆ ಒರಗಿದ್ಲು.

ದುರುಗಜ್ಜಿ ಕೋಲು ಬಿಸಾಕಿ ಊರಿಗೆ ಓಡಿದ್ಲು. ಆ ವಯಸ್ಸಲ್ಲಿ ಎಷ್ಟು ಓಡಿಯಾಳು? ಬಿದ್ದು ಎದ್ದು ತೊಟ್ಟಿ ಹತ್ರ ಬಂದಾಗ ಕಾಟಯ್ಯ ಮೇಲ್ಕೇರಿ ಕೊಡಗಳನ್ನ ಸಾಲಾಗಿ ಇಟ್ಟು ಎಣಿಸ್ತಿದ್ದ.

"ಒಂದು ಕೊಡ ನೀರು ಕೊಡೋ, ಒಬ್ಬ ಹೆಣ್ಣುಮಗಳು ಬಿದ್ದವ್ಳೆ!"

"ಇವತ್ತಿನ ದಾರಿ ಪಾಲು ಆಯ್ತಲ್ಲ ಅಜ್ಜಿ. ಯಾರ ಪಾಲಲ್ಲಿ ತೆಗೆದು ಕೊಡ್ಲಿ?"

"ಯಾರು ಬಿದ್ದೋಳು ಅಂತ ಕೇಳಲ್ವೇನೋ? ಬೊಮ್ಮಕ್ಕ ಕಣೋ! ನಿನ್ನ ಮಗಳು!"

ಕಾಟಯ್ಯ ಯಾರ ಪಾಲು ಅಂತ ಕೇಳಲಿಲ್ಲ. ಕೈಗೆ ಸಿಕ್ಕ ಕೊಡ ಎತ್ತಿ ಹೆಗಲಿಗಿಟ್ಟ. ಕೊಡೋಕೆ ಬರುತ್ತಿತ್ತು ನೋಡಿ! ಅಷ್ಟು ದಿನವೂ ಕೊಡಬಹುದಿತ್ತು, ತಡೀತಿದ್ದೋರು ಯಾರು? ಅರ್ಧ ಹರದಾರಿ ಓಡಿದ. ದಾರಿಯುದ್ದಕ್ಕೂ ನೀರು ತುಳುಕಿತು, ಒಂದು ಹನೀನೂ ಲೆಕ್ಕ ಹಾಕಲಿಲ್ಲ.

ಹೋಗಿ ನೋಡಿದ್ರೆ ಬೊಮ್ಮಕ್ಕ ಕಂಬಕ್ಕೆ ಒರಗಿಕೊಂಡೇ ಇದ್ಲು. ಕಣ್ಣು ಊರಿನ ದಾರಿ ಮೇಲಿತ್ತು. ಮಗಳ ತುಟಿಗೆ ನೀರು ಹಿಡಿದ, ಪಕ್ಕಕ್ಕೆ ಸುರಿದುಹೋಯ್ತು. ಮತ್ತೆ ಹಿಡಿದ, ಸುರಿದುಹೋಯ್ತು. ಮೂರನೇ ಸಲ ಹಿಡಿದಾಗ ಕೂಸು ತೆವಳಿಕೊಂಡು ಬಂದು ಅವನ ಬೊಗಸೆಗೆ ಬಾಯಿಟ್ಟು ಕುಡೀತು. ಅಯ್ಯೋ, ಅವನು ಅತ್ತ ಅಳು ಊರಿಗೆ ಕೇಳಿಸ್ತಂತೆ.

ಮುಂದಿನ ಅಮಾವಾಸೆ ಬಂತು. ಊರು ಕೂಡ್ತು. ಕಾಟಯ್ಯ ಕೂಸನ್ನ ಕಂಕುಳಲ್ಲಿ ಎತ್ಕೊಂಡು ಬಂದ. ಗೌಡ "ಆಣೆ ಮಾಡಪ್ಪ" ಅಂದ, ದನಿ ಎತ್ತೋಕಾಗಲಿಲ್ಲ ಅವನಿಗೂ.

ಕಾಟಯ್ಯ ಕಲ್ಲಿನ ಮೇಲೆ ಕೈಯಿಟ್ಟ. "ಮೂರು ವರ್ಷ ಈ ಕಲ್ಲಿನ ಮೇಲೆ ನಾನು ಒಂದು ಸುಳ್ಳೂ ಆಡ್ಲಿಲ್ಲ. ಒಂದೊಂದು ಮಾತೂ ನಿಜ. ಆ ನಿಜ ಇಟ್ಕೊಂಡೇ ನನ್ನ ಮಗಳನ್ನ ಕೊಂದೆ" ಅಂದ. "ಅವಳು ಮಗುವಾಗಿದ್ದಾಗ ಕಾಗೆಗೆ ಮೋಸ ಆಯ್ತು ಅಂತ ನಾನೇ ಕಿವಿ ಹಿಂಡಿದ್ದೆ. ನನ್ನ ಕಿವಿ ಹಿಂಡೋರು ಯಾರೂ ಇರಲಿಲ್ಲ." ಗೌಡ ಎದ್ದು ಬಂದು ದಾರಿಯ ಮೂವತ್ತಾರು ಕೊಡಗಳನ್ನ ತಾನೇ ತುಂಬಿಸ್ದ. ಆಮೇಲೆ ಆ ನೀರಿಗೆ ಯಾರೂ ಕೈ ಹಾಕಲಿಲ್ಲ. ಅಷ್ಟಾದ್ರೂ ಬೊಮ್ಮಕ್ಕ ಬರಲಿಲ್ಲ. ಎಲ್ಲಿಂದ ಬಂದಾಳು?

ಕಾಟಯ್ಯ ಅಳೆಯೋ ಕೆಲಸ ಬಿಟ್ಟ. ದುರುಗಜ್ಜಿ ಜೊತೆ ಅರವಟ್ಟಿಗೇಲೇ ಕೂತ, ಸಾಯೋ ತನಕ ದಾರಿಹೋಕರಿಗೆ ನೀರು ಹುಯ್ದ. ದಿನಾ ರೊಟ್ಟಿ ಮುರಿಯುವಾಗ ಇಡೀ ರೊಟ್ಟೀಲಿ ಆರರಲ್ಲೊಂದು ಚೂರು ಮೊದಲು ಕಾಗೆಗೆ ಇಟ್ಟು, ಆಮೇಲೆ ಮೊಮ್ಮಗಳ ಬಾಯಿಗೆ ಇಡ್ತಿದ್ದ. ಆ ಊರಲ್ಲಿ ಇವತ್ತಿಗೂ ಯಾರಾದ್ರೂ ಅರ್ಧ ಕೊಡ್ತೀನಿ, ಕಾಲು ಕೊಡ್ತೀನಿ ಅಂದ್ರೆ ಚಿಕ್ಕ ಮಕ್ಕಳೂ ಕೈ ಚಾಚಲ್ವಂತೆ. "ಯಾವುದರಲ್ಲಿ?" ಅಂತ ಮೊದಲು ಕೇಳ್ತಾವಂತೆ. ಆ ಪ್ರಶ್ನೆಗೆ ಬೊಮ್ಮಕ್ಕನ ಮಾತು ಅಂತಲೇ ಹೆಸರು.

ಕಥೆ ಬಯಲಿಗೆ ಹೋಯ್ತು, ನಾನು ಮೊರದ ಮುಂದೆ ಉಳಿದೆ. ಭರಮಕ್ಕ, ಕಣ್ಣೊರೆಸ್ಕೊಂಡು ಎದ್ದೇಳು. ಒಂದು ತಂಬಿಗೆ ನೀರು ತಾ. ಗಂಟಲು ಒಣಗೈತೆ. ತುಂಬ ತಾ ಮಗಳೇ, ಬಾಗಿಲಲ್ಲಿ ಯಾರೋ ನಿಂತಂಗೈತೆ, ಮೊದಲು ಅವರಿಗೆ ಕೊಟ್ಟು ಬಾ.