ಕೆರಿಗೆ ಬಿಟ್ಟ ಎರಡು ಮೀನು

ಕೊಲ್ಲಾಕ ಮನಸು ಬರಲಿಲ್ಲ ನೋಡ್ರಪಾ, ಅಷ್ಟ ನಾನು ಮಾಡಿದ ತಪ್ಪು. ನಿಮ್ಮ ತಾತ ತೀರಿಹೋಗಿ ಒಂದು ವರ್ಸ ಆಗಿತ್ತು, ಅಲ್ಲ, ಎರಡು ವರ್ಸ, ನಾನು ದಿನಾ ಗೋನೆಗಂಡ್ಲದಿಂದ ಬಸ್ಸಿಗೆ ಆದೋನಿಗೆ ಹೋಗಿ ಒಬ್ಬ ಹತ್ತಿ ಸಾವುಕಾರನ ಆಫೀಸಿನಾಗ ಕಸ ಹೊಡೀತಿದ್ದೆ. ಅಲ್ಲೊಂದು ಗಾಜಿನ ತೊಟ್ಟಿ ಇತ್ತು, ಅದ್ರಾಗ ಬಣ್ಣದ ಮೀನು, ಪಾಚಿ ತಿನ್ಲಿ ಅಂತ ತಂದ ಕರೇ ಮೀನು ಎರಡು. ತಂದಾಗ ಬೆರಳಿನಷ್ಟಿದ್ವು, ನೋಡ್ತಾ ನೋಡ್ತಾ ಮೊಳ ಉದ್ದ ಆದ್ವು. ಮೈಯೆಲ್ಲಾ ಮುಳ್ಳು, ಬಾಯಿ ಹೊಟ್ಟಿ ಕಡಿಗೆ. "ನರಸಮ್ಮಾ, ಇವನ್ನ ಎಲ್ಯಾರ ಎಸದು ಬಾ" ಅಂದ ಸಾವುಕಾರ. ಉಸಿರಾಡೋ ಜೀವಾನ ಮೋರಿಗೆ ಎಸೀಲೇನು? ಬಕೀಟಿನಾಗ ನೀರು ಹಾಕಿ, ಬಸ್ಸಿನಾಗ ತೊಡಿ ಮ್ಯಾಲೆ ಇಟ್ಕೊಂಡು ಬಂದೆ, ಕಂಡಕ್ಟರ್ ಬೈದ, ಅದಿರ್ಲಿ, ಬಂದು ನಮ್ಮೂರ ಕೆರಿಗೆ ಬಿಟ್ಟೆ. ಪುಣ್ಯ ಬಂತು ಅನಕೊಂಡೆ.

ನನ್ನ ತಮ್ಮ ಈರಣ್ಣ ಗೊತ್ತಲ್ಲ, ಅದ ಕೆರ್ಯಾಗ ಮೀನಿಗೆ ಬಲಿ ಹಾಕಿ ಬದುಕಾಂವ. ನಾಕು ವರ್ಸದ ಮ್ಯಾಲೆ ಒಂದಿನ ಹರದ ಬಲಿ ತಂದು ನನ್ನ ಮುಂದ ಒಗದ. "ಚೂಡು, ನೋಡು ಅಕ್ಕಾ, ಹೊಸಾ ಬಲಿ! ಕೆರಿಗೆ ದೆಯ್ಯಂ ಚೇಪ ಬಂದೈತಿ. ಮಾರೋ ಕೊರಮೀನು ಒಂದೂ ಬೀಳವಲ್ದು, ಬರೀ ಈ ದೆವ್ವದ ಮೀನ!" ತಿನ್ನಾಕ ಯಾರೂ ಒಯ್ಯಂಗಿಲ್ಲ, ಬಲಿಯಿಂದ ಬಿಡಿಸಾಕ ಹೋದ್ರ ಮುಳ್ಳು ಕೈ ಸೀಳತೈತಿ. ಆತನ ಅಂಗೈ ನೋಡಿದೆ, ರಕ್ತ. ಬಲಿಯಾಗಿನ ಮೀನು ನೋಡಿದೆ, ಬಾಯಿ ಹೊಟ್ಟಿ ಕಡಿಗೆ. "ಈರಣ್ಣಾ, ಇದನ್ನ ಬಿಟ್ಟಾಕಿ ನಾನ" ಅಂದೆ. ಆತ ಹರದ ಬಲಿ ಸುತ್ತಿ ಮೂಲ್ಯಾಗ ಇಟ್ಟ. ಆಮ್ಯಾಲೆ, "ಯಾರಿಗೂ ಹೇಳಬ್ಯಾಡ ಅಕ್ಕಾ" ಅಂದ. ಹೇಳದಂಗ ಹೆಂಗಿರಾಕಾಗತೈತಿ? ಆತನ ಜತಿಗೆ ಬಲಿ ಹಾಕೋ ನಾಕು ಮನಿ ಮಂದೀಗೂ ಹೋಗಿ ಹೇಳಿದೆ. ಬೈದ್ರು, ಬೈಸ್ಕೊಂಡೆ. ಬ್ಯಾಸಿಗ್ಯಾಗ ನೀರು ಇಳದಾಗ ಎಲ್ಲಾರೂ ಕೆಸರಿಗೆ ಇಳದ್ವಿ, ನಾನೂ ಬುಟ್ಟಿ ಹಿಡದು ಇಳದೆ. ದಂಡ್ಯಾಗ ಬಿಲ ತೋಡಿ ಕುಂತಿದ್ವು, ಅಗದು ಅಗದು ತಗದ್ವಿ. ನೀರಿಲ್ದಿದ್ರೂ ಲಗೂನ ಸಾಯಂಗಿಲ್ಲ ಅವು, ನನ್ನ ಕೈಯಾರೆ ಕಲ್ಲು ಎತ್ತಿ ಸಾಯಿಸಿದೆ ನೋಡ್ರಿ, ಅವತ್ತು ಮನಸು ಬರದಾಕಿ. ಮಳಿ ಬಂತು, ಕೆರಿ ತುಂಬ್ತು, ಮತ್ತ ಕಂಡ್ವು. ಈರಣ್ಣ ಬಲಿ ಹಾಕೋದ ಬಿಟ್ಟ, ಈಗ ಎಮ್ಮಿಗನೂರಿನಾಗ ವಾಚ್‌ಮನ್ ಅದಾನ. ಇವತ್ತಿಗೂ ನನ್ನ ಒಂದು ಮಾತು ಅಂದಿಲ್ಲ, ಅಂದಿದ್ರ ಹಗುರ ಆಗ್ತಿತ್ತು.

ಕಡೀತನ ಸಾಕಾಕ ಆಗದ್ದನ್ನ ತರಬ್ಯಾಡ್ರಿ. ತಂದ್ರ, ಊರ ನೀರಿಗೆ ಬಿಟ್ಟು ಕೈ ತೊಳಕೋಬ್ಯಾಡ್ರಿ, ಅಷ್ಟ.