ಬೆಂಕಿ ಇಡೋಕೊಬ್ಬ ಗಂಡ

ಬನ್ನಿ, ಕೂತ್ಕೊಳ್ಳಿ. ಎಲೆ ಅಡಿಕೆ ಆಮೇಲೆ. ಬಾಯಿ ತುಂಬ್ಕೊಂಡ್ರೆ ಹ್ಞೂಂಗುಟ್ಟೋರು ಯಾರು?

ಒಂದಾನೊಂದು ಊರು. ಹೆಸರು ಕೇಳ್ಬೇಡಿ, ಹೇಳಿದ್ರೆ ಅಲ್ಲಿನೋರು ಜಗಳಕ್ಕೆ ಬರ್ತಾರೆ. ಬಲೇ ಬುದ್ಧಿವಂತ್ರು ಅವ್ರು. ಒಂಟಿ ಹೆಣ್ಣು ಮಣ್ಣು ತುಳೀಬಹುದು, ತಿಗರಿ ತಿರುಗಿಸಬಹುದು, ಗಡಿಗೆ ತಟ್ಟಬಹುದು. ಗಡಿಗೆ ಸುಡೋ ಆವಿಗೆಗೆ ಮಾತ್ರ ಗಂಡ ಹೆಂಡ್ತಿ ಸೇರಿ ಬೆಂಕಿ ಇಡಬೇಕು. ಯಾಕೆ? ಜೋಡಿ ಸರಿಯಿಲ್ದಿದ್ರೆ ಬೆಂಕಿಗೆ ಗೊತ್ತಾಗುತ್ತಂತೆ!

ಅಲ್ಲಿ ಪುಟ್ಟೀರಿ ಅಂತ ಒಬ್ಬ ಕುಂಬಾರರ ಹೆಣ್ಣು. ಅಪ್ಪ ತೀರ್ಕೊಂಡ. "ಜೋಡಿಯಾಗಿ ಮೂರು ಆವಿಗೆ ಗಡಿಗೆ ಒಡೀದಂಗೆ ಸುಟ್ಟರೆ ಅಪ್ಪನ ಆವಿಗೆ ನಿಂದು, ಇಲ್ದಿದ್ರೆ ನಿನ್ನ ಚಿಕ್ಕಪ್ಪಂದು. ಒಡೆದ್ರೆ ಅದು ಲೆಕ್ಕಕ್ಕಿಲ್ಲ, ಇನ್ನೊಂದು ಸುಡಬೇಕು" ಅಂದ್ರು ಊರೋರು. ಚಿಕ್ಕಪ್ಪನಿಗೆ ತಿಗರಿ ಯಾವ ಕಡೆ ತಿರುಗುತ್ತೆ ಅಂತಾನೂ ಗೊತ್ತಿರ್ಲಿಲ್ಲ. ಆದ್ರೆ ಮೀಸೆ ಇತ್ತಲ್ಲ!

ಆಗ ಜವರ ಅನ್ನೋ ಉಪ್ಪು ಮಾರೋನು ಕತ್ತೆ ಹೊಡ್ಕೊಂಡು ಬಂದ. ಒಂಟಿ ಗಂಡಸಿಗೆ ಊರಲ್ಲಿ ಜಾಗ ಇಲ್ಲ ಅಂದ್ರು. ಪುಟ್ಟೀರಿ ಕತ್ತೆ ನೋಡಿದ್ಲು. ಗಟ್ಟಿಮುಟ್ಟಾಗಿತ್ತು.

"ಮಣ್ಣು ಹೊರೋಕೆ ಕತ್ತೆ ಬೇಕು, ಬೆಂಕಿ ಇಡೋಕೆ ಗಂಡ ಬೇಕು. ಮೂರು ಆವಿಗೆ ಆಗೋಗಂಟ ಇರ್ತೀಯಾ?"

"ಊಟ?"

"ಹಾಕ್ತೀನಿ."

"ಆಮೇಲೆ?"

"ನಿನ್ನ ದಾರಿ ನಿಂಗೆ."

ತಾಳಿ ಕಟ್ಟಿದ. ಆಹಾ, ಎಂಥಾ ಪ್ರೀತಿ! ಅವಳು ಅವನನ್ನ "ಕತ್ತೆಯೋನೇ" ಅನ್ನೋಳು, ಅವನು ಅವಳನ್ನ "ಗಡಿಗೆಯೋಳೇ" ಅನ್ನೋನು. ಊರೋರು ಅಕ್ಷತೆ ಹಾಕಿ, ಪಾಯಸ ಹೊಡೆದು, ಸಾರಿಗೆ ಉಪ್ಪು ಕಮ್ಮಿ ಅಂದ್ಕೊಂಡು ಹೋದ್ರು.

ಮೊದಲ್ನೇ ಆವಿಗೆಗೆ ಬೆಂಕಿ ಇಟ್ರು, ಒಬ್ರ ಮುಖ ಒಬ್ರು ನೋಡ್ಲಿಲ್ಲ. ಗಡಿಗೆ ಚೆನ್ನಾಗೇ ಬೆಂದ್ವು.

ಎರಡನೇದಕ್ಕೆ ಬೆಂಕಿ ಇಡುವಾಗ ಜವರನ ಕೈ ಸುಟ್ಟಿತು. "ಸುಟ್ಕೊಳ್ಳೋಕೆ ನನ್ನ ಆವಿಗೇನೇ ಬೇಕಿತ್ತಾ?" ಅಂತ ಬೈತಾ ಬೈತಾ ತಾನೇ ತುತ್ತು ಮಾಡಿ ತಿನ್ನಿಸಿದ್ಲು. ಒಪ್ಪಂದದಲ್ಲಿ ತುತ್ತಿನ ಮಾತಿತ್ತಾ? ನೀವೇ ಹೇಳಿ.

ಮೂರನೇದು ಜೋಡಿಸೋ ದಿನ ಬಂತು. ಅವನ ಮುಖ ಬಾಡಿತ್ತು, ಅವಳಿಗೆ ಊಟ ಸೇರ್ಲಿಲ್ಲ. ಇರು ಅಂತ ಅವಳು ಅನ್ನಬಹುದಿತ್ತು, ಇರ್ತೀನಿ ಅಂತ ಅವನು ಅನ್ನಬಹುದಿತ್ತು. ಅಷ್ಟು ಬುದ್ಧಿ ಇದ್ದಿದ್ರೆ ನಾನಿಲ್ಲಿ ಗಂಟಲು ಹರ್ಕೋಬೇಕಿತ್ತಾ? ಜವರ ಕದ್ದುಮುಚ್ಚಿ ಎರಡು ಹಸಿ ಗಡಿಗೆ ತಂದು ಒಣಗಿದವುಗಳ ನಡುವೆ ಇಟ್ಟ. ಹಸೀದು ಬೆಂಕಿಗೆ ಸಿಡಿದು ಪಕ್ಕದ್ದನ್ನೂ ಒಡೆಯುತ್ತೆ, ಅಷ್ಟನ್ನ ಕಲ್ತಿದ್ದ. ಆಮೇಲೆ ಪುಟ್ಟೀರಿ ಬಂದು ಒಂದು ಗಡಿಗೆ ಎತ್ತಿ ಕೆನ್ನೆಗೆ ಒತ್ತಿ ನೋಡಿದ್ಲು. ತಣ್ಣಗಿತ್ತು, ಹಸೀದು. ಅವನು ಆ ಕಡೆ ತಿರುಗಿ ಕತ್ತೆ ಮೈ ಉಜ್ಜುತಿದ್ದ. ಅವಳು ಎತ್ತಿದ್ದನ್ನ ಇದ್ದಲ್ಲೇ ಇಟ್ಲು.

ಬೆಂಕಿ ಇಟ್ರು. ಢಬ್! ಢಬ್! ಢಬ್!

"ನೋಡಿದ್ರಾ, ಬೆಂಕಿಗೆ ಗೊತ್ತಾಯ್ತು! ಜೋಡಿ ಸರಿಯಿಲ್ಲ!" ಅಂತ ಚಿಕ್ಕಪ್ಪ ಮೀಸೆ ತಿರುವಿದ. ಒಡೆದದ್ದು ಲೆಕ್ಕಕ್ಕಿಲ್ಲ, ಇನ್ನೊಂದು ಸುಡಲಿ ಅಂತ ಊರೋರು ಎದ್ದು ಹೋದ್ರು.

ಚೂರುಗಳ ಮುಂದೆ ಇಬ್ರೇ ಉಳಿದ್ರು. ಜವರ ತಲೆ ತಗ್ಗಿಸಿದ. "ಹಸಿ ಗಡಿಗೆ ಇಟ್ಟೋನು ನಾನೇ ಕಣೇ. ಹೋಗೋಕೆ ಮನಸ್ಸು ಬರ್ಲಿಲ್ಲ. ಎರಡೇ ಇಟ್ಟೆ, ಇಷ್ಟೊಂದು ಒಡೆಯುತ್ತೆ ಅಂದ್ಕೊಂಡಿರ್ಲಿಲ್ಲ."

"ಎರಡಕ್ಕೆ ಇಷ್ಟು ಒಡೆಯುತ್ತಾ, ಕತ್ತೆಯೋನೇ?" ಅಂದ್ಲು ಪುಟ್ಟೀರಿ. "ನಾನು ಇನ್ನೂ ನಾಕು ಸೇರಿಸ್ದೆ."

ಮುಂದಿನ ಆವಿಗೆ ಒಂದೂ ಒಡೀಲಿಲ್ಲ. ಆವಿಗೆ ಅವಳದಾಯ್ತು. ಜವರ ಅವನ ದಾರಿ ಹಿಡಿದ, ಮಣ್ಣು ತರೋಕೆ ಕೆರೆ ದಾರಿ. ಬೆಂಕಿಗೆ ಎಲ್ಲಾ ಗೊತ್ತಾಗುತ್ತೆ ಅಂತ ಊರೋರು ಇವತ್ತಿಗೂ ಹೇಳ್ತಾರೆ.

ಅವ್ರ ಆವಿಗೆ ಅಲ್ಲಿ ಬೆಚ್ಚಗಿರ್ಲಿ, ನಿಮ್ಮ ಒಲೆ ಇಲ್ಲಿ ಬೆಚ್ಚಗಿರ್ಲಿ. ಈಗ ತನ್ನಿ ಆ ಎಲೆ ಅಡಿಕೆ.